ಕುಡಿಯೋಕೆ ಕ್ಯಾನ್ ನೀರು, ರೊಟ್ಟಿಗೆ?

ವೀಕ್ಷಕರೇ, ನೀರು ತಿಳಿಯಾಗಿದೆ, ಸಿಹಿ ಇದೆ, ಇನ್ನೇನ್ ಬೇಕು ಅಂತೀರಾ? ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಲೀಟರಿಗೆ 1 ಮಿಲಿಗ್ರಾಂ ಮಿತಿ; ಬೇರೆ ನೀರೇ ಸಿಗದಿದ್ರೆ 1.5. ಅದಕ್ಕಿಂತ ಹೆಚ್ಚಿರೋ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಮಕ್ಕಳ ಹಲ್ಲು ಕಲೆಗಟ್ಟುತ್ತೆ, ಇನ್ನೂ ಹೆಚ್ಚಾದ್ರೆ ದೊಡ್ಡವರ ಕೀಲು ಬಿಗಿಯುತ್ತೆ. ಕುದಿಸಿದ್ರೂ ಹೋಗಲ್ಲ. ನೀರು ಆವಿಯಾಗುತ್ತೆ, ಫ್ಲೋರೈಡ್ ಪಾತ್ರೆಯಲ್ಲೇ ಕೂರುತ್ತೆ.

ದೇವರ ಹಿಪ್ಪರಗಿ, ಸಿಂದಗಿ, ಇಂಡಿ ಕಡೆ ಬೋರ್‌ವೆಲ್ ನಂಬಿದ ಹಳ್ಳಿಗಳು ಇನ್ನೂ ಇವೆ. ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನ್ ತುಂಬ್ಕೊಳ್ತೀವಿ, ಸರಿ. ಆದ್ರೆ ರೊಟ್ಟಿ ಹಿಟ್ಟು ನಾದೋದು, ಬ್ಯಾಳಿ ಬೇಯಿಸೋದು, ಚಹಾ ಕಾಸೋದು? ನಳದ ನೀರಲ್ಲೇ! ಘಟಕದ ಒಳಗಿನ ಮೆಂಬ್ರೇನ್ ಕೂಡ ಸವೆಯೋ ವಸ್ತು. ಬದಲಿಸದಿದ್ರೆ ಕ್ಯಾನಿನಲ್ಲೂ ಹೆಚ್ಚುಕಮ್ಮಿ ಅದೇ ಬೋರಿನ ನೀರು. (ಎಂಜಿನಿಯರಿಂಗ್ ಓದಿದ್ದು ಇಷ್ಟಕ್ಕಾದ್ರೂ ಬಂತು.)

ಹಾಗಾದ್ರೆ ನೋಡ್ಕೊಳ್ಳೋರು ಯಾರು? 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ಪರೀಕ್ಷೆಯ ತರಬೇತಿ ಕೊಡಬೇಕು. ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ಬ್ಯಾಕ್ಟೀರಿಯಾ ಪರೀಕ್ಷೆ ಎರಡು ಸಲ. ಬ್ಯಾಕ್ಟೀರಿಯಾ ಅಂದ್ರೆ ಸಣ್ಣದಲ್ಲ; 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅದು ಹಳ್ಳಿಯೂ ಅಲ್ಲ, ನಗರದ ಬಡಾವಣೆ.

ನಿಮ್ಮೂರಿನ ಬೋರಿನ ಫಲಿತಾಂಶ ಏನು ಬಂತು? ಕೇಳಿದ್ದೀರಾ? ಗ್ರಾಮಸಭೆಯಲ್ಲಿ ರಸ್ತೆ ಕೇಳ್ತೀವಿ, ಮನೆ ಕೇಳ್ತೀವಿ. ಈ ಸಲ ಆ ಚೀಟಿ ಕೇಳಿ: ಯಾವ ಬೋರು, ಯಾವ ತಾರೀಖು, ಫ್ಲೋರೈಡ್ ಎಷ್ಟು, ನೈಟ್ರೇಟ್ 45 ದಾಟಿದೆಯಾ. ಪಂಚಾಯ್ತಿ ಗೋಡೆ ಮೇಲೆ ಬರೆಯೋಕೆ ನಾಲ್ಕು ಸಾಲು ಸಾಕು.