ಎಂಗಡೀನ್ ಕಣಿವೆಯ ವಿಮಾನ ನಿಲ್ದಾಣ ಮತ್ತು ಅದರ ಸುತ್ತಮುತ್ತ

ಸ್ವಿಟ್ಜರ್ಲೆಂಡ್ ಎಂದೊಡನೆ ಕಾಸರಗೋಡಿನ ನಮ್ಮ ತಲೆಮಾರಿನವರಿಗೆ ಹಿಮಪರ್ವತಕ್ಕಿಂತ ಮೊದಲು ನೆನಪಾಗುವುದು ಮಾಡಿನ ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತೊಡಗಿದ ಕಾರ್ಖಾನೆ ಆ ದೇಶದ ಒಂದು ಪಟ್ಟಣದ ಹೆಸರನ್ನು ನಮ್ಮ ಮನೆಮಾತಾಗಿಸಿತು. ಬಾಸೆಲ್ ಇರುವುದು ದೇಶದ ವಾಯವ್ಯ ಮೂಲೆಯಲ್ಲಿ. ನಾನು ಬರೆಯಹೊರಟಿರುವುದು ಅದಕ್ಕೆ ಎದುರು ದಿಕ್ಕಿನ, ಇಟಲಿಯ ಗಡಿಗೆ ಅಂಟಿಕೊಂಡ ಎಂಗಡೀನ್ ಕಣಿವೆಯ ಕುರಿತು. ಮಗಳು ಜೂರಿಕ್ಕಿನಲ್ಲಿ ನೆಲೆಸಿರುವುದರಿಂದ ಎರಡು ಬಾರಿ ಅಲ್ಲಿಗೆ ಹೋಗಿಬರುವ ಯೋಗ ನನಗೆ ಒದಗಿತು. ಸ್ಮರಣ ಸಂಚಿಕೆಗೆ ಪ್ರವಾಸ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ಬೇರೆ ಊರನ್ನು ಹುಡುಕಬೇಕಾಗಲಿಲ್ಲ.

ಕಣಿವೆಯ ನಡುವೆ, ಸಮೇದಾನ್ ಎಂಬ ಹಳ್ಳಿಯ ಅಂಚಿನಲ್ಲಿ, 1938ರಲ್ಲಿ ಆರಂಭವಾದ ವಿಮಾನ ನಿಲ್ದಾಣವಿದೆ. ಸಮುದ್ರಮಟ್ಟದಿಂದ 1,707 ಮೀಟರ್, ಎಂದರೆ ನಮ್ಮ ಮಡಿಕೇರಿಗಿಂತಲೂ ಅರ್ಧ ಕಿಲೋಮೀಟರಿನಷ್ಟು ಮೇಲೆ. ಯುರೋಪಿನ ಅತ್ಯಂತ ಎತ್ತರದ ವಿಮಾನ ನಿಲ್ದಾಣಗಳಲ್ಲಿ ಇದೂ ಒಂದು. ಇಲ್ಲಿ ಗಾಳಿ ತೆಳು. ತೆಳುಗಾಳಿಯಲ್ಲಿ ರೆಕ್ಕೆಗೆ ಆಧಾರ ಕಡಿಮೆ, ಯಂತ್ರಕ್ಕೆ ಶಕ್ತಿ ಕಡಿಮೆ. ಬೇಸಗೆಯಲ್ಲಿ ಕಾದ ಗಾಳಿ ಇನ್ನಷ್ಟು ಹಗುರ. ಆದುದರಿಂದ ವಿಮಾನವು ನೆಲ ಬಿಡುವ ಮೊದಲು ಹೆಚ್ಚು ದೂರ ಓಡಬೇಕು. ಓಡಲು ಇರುವುದು 1,800 ಮೀಟರಿನ ಹಾದಿ. ಸುತ್ತಲೂ ಮೂರು ಸಾವಿರ ಮೀಟರ್ ಮೀರಿದ ಶಿಖರಗಳು. ಈ ಕಾರಣದಿಂದ ವಿಶೇಷ ತಿಳಿವಳಿಕೆ ಪಡೆದ ಚಾಲಕರಿಗಷ್ಟೇ ಇಲ್ಲಿ ಇಳಿಯಲು ಅನುಮತಿ. ಇಳಿಯುವವರಲ್ಲಿ ಬಹುಮಂದಿ ನೆರೆಯ ಸೇಂಟ್ ಮೊರಿಟ್ಜಿಗೆ ಸ್ವಂತ ವಿಮಾನದಲ್ಲಿ ಬರುವ ಧನಿಕರು. ನನ್ನಂಥವರು ರೈಲಿನಲ್ಲಿ ಬರುತ್ತಾರೆ. ನೋಡಲು ಅದೇ ಲೇಸು.

ಇಲ್ಲಿನ ಗಾಳಿಯ ರೀತಿಯೂ ವಿಚಿತ್ರ. ಬೆಟ್ಟದ ಕಣಿವೆಗಳಲ್ಲಿ ಹಗಲು ಹೊತ್ತು ಗಾಳಿ ತಗ್ಗಿನಿಂದ ಮೇಲಕ್ಕೆ ಬೀಸುವುದು ಲೋಕರೂಢಿ. ಎಂಗಡೀನಿನಲ್ಲಿ ಅದು ಮೇಲಿನಿಂದ ಕೆಳಕ್ಕೆ ಬೀಸುತ್ತದೆ. ಕಣಿವೆಯ ತಲೆಯಲ್ಲಿರುವ ಮಲೋಯಾ ಘಾಟಿ ಕೇವಲ 1,815 ಮೀಟರ್ ಎತ್ತರದ್ದು. ಅದರಾಚೆಯ ಆಳ ಕಣಿವೆಯಲ್ಲಿ ಕಾದು ಮೇಲೇರುವ ಗಾಳಿ ಈ ತಗ್ಗು ಕಂಡಿಯ ಮೂಲಕ ಇತ್ತ ನುಗ್ಗುತ್ತದೆ. ನಮ್ಮ ಕಡಲಗಾಳಿಯಂತೆ ಮಧ್ಯಾಹ್ನದ ಹೊತ್ತಿಗೆ ತಪ್ಪದೆ ಬರುವ ಇದಕ್ಕೆ ‘ಮಲೋಯಾ ಗಾಳಿ’ ಎಂದೇ ಹೆಸರು. ಬಿಸಿಲು ಕಾಯಿಸಿದ ಇಳಿಜಾರುಗಳಿಂದ ಏಳುವ ಗಾಳಿಯನ್ನು ನೆಚ್ಚಿ ಯಂತ್ರವಿಲ್ಲದ ಗ್ಲೈಡರುಗಳು ಹಾರುತ್ತವೆ. 1948ರಲ್ಲಿ ಗ್ಲೈಡರ್ ಹಾರಾಟದ ವಿಶ್ವ ಸ್ಪರ್ಧೆ ಇಲ್ಲೇ ಜರಗಿತು.

ಈ ಬಯಲನ್ನು ಮೇಲಿನಿಂದ ನೋಡಬೇಕೆನ್ನುವವರು ಮುವೊಟ್ಟಾಸ್ ಮುರಾಗ್ಲ್ ಬೆಟ್ಟವನ್ನು ಏರಬೇಕು. 1907ರಿಂದ ಹಗ್ಗದಿಂದೆಳೆಯುವ ರೈಲೊಂದು 2,456 ಮೀಟರ್ ಎತ್ತರಕ್ಕೆ ಪ್ರವಾಸಿಗರನ್ನು ಒಯ್ಯುತ್ತಿದೆ. ಕೆಳಗೆ ಓಟದ ಹಾದಿ ಅಡ್ಡಪಟ್ಟಿಯಂತೆ, ಬದಿಯಲ್ಲಿ ಇನ್ ನದಿ, ಅತ್ತ ಸರೋವರಗಳ ಸಾಲು. ಸನಿಹದ ಇನ್ನೊಂದು ಬೆಟ್ಟದ ಮೇಲೆ ಚಿತ್ರ ಬರೆಯುತ್ತಿರುವಾಗಲೇ ಕಾಯಿಲೆಬಿದ್ದು ಕಲಾವಿದ ಸೆಗಾಂಟೀನಿ 1899ರಲ್ಲಿ, ತನ್ನ 41ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಚಿತ್ರಗಳಿಗಾಗಿಯೇ ಸೇಂಟ್ ಮೊರಿಟ್ಜಿನಲ್ಲಿ 1908ರಲ್ಲಿ ಸಂಗ್ರಹಾಲಯ ತೆರೆಯಲಾಯಿತು. ಆ ಪಟ್ಟಣದಲ್ಲಿ ನನಗೆ ರುಚಿಸಿದ್ದು ಅದೊಂದೇ, ಉಳಿದದ್ದೆಲ್ಲ ಅಂಗಡಿ.

ಸಮೇದಾನಿನಿಂದ ಪೊಂಟ್ರೆಸೀನಾದ ಮೂಲಕ ಬೆರ್ನೀನಾ ರೈಲು ಹಿಡಿದರೆ ಮೊರ್ಟೆರಾಚ್ ಹಿಮನದಿಯನ್ನು ಕಾಣಬಹುದು. 1910ರಲ್ಲಿ ಈ ಮಾರ್ಗ ಪೂರ್ಣಗೊಂಡಾಗ ಹಿಮದ ತುದಿ ನಿಲ್ದಾಣಕ್ಕೆ ಬಹಳ ಸಮೀಪವಿತ್ತು. 1878ರಿಂದೀಚೆಗೆ ಅದು ಎರಡೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಯಾವ ವರ್ಷ ಹಿಮ ಎಲ್ಲಿಯವರೆಗಿತ್ತೆಂದು ಕಾಲುದಾರಿಯುದ್ದಕ್ಕೂ ಗುರುತುಫಲಕಗಳನ್ನು ನೆಟ್ಟಿದ್ದಾರೆ. ನಾನು ಹುಟ್ಟಿದ ವರ್ಷದ ಆಸುಪಾಸಿನ ಫಲಕವನ್ನು ದಾಟಿದ ಮೇಲೂ ಬರಿಯ ಕಲ್ಲುರಾಶಿಯ ನಡುವೆ ಬಹುದೂರ ನಡೆಯಬೇಕಾಯಿತು.

ಇಷ್ಟನ್ನು ಯಾವ ಪ್ರವಾಸಿ ಕೈಪಿಡಿಯಾದರೂ ಹೇಳೀತು. ನಮ್ಮ ಶಾಲೆಯ ಬಳಗಕ್ಕೆ ನಾನು ಮುಖ್ಯವಾಗಿ ತಿಳಿಸಬೇಕೆಂದಿರುವುದು ಸಮೇದಾನ್ ಊರಿನ ವಿಚಾರ.

ಈ ಕಣಿವೆಯ ಮೂಲಭಾಷೆ ರೋಮಾಂಶ್, ಲ್ಯಾಟಿನ್ನಿನಿಂದ ಕವಲೊಡೆದದ್ದು. ಜಾಕಿಯಾಮ್ ಬಿಫ್ರುನ್ ಎಂಬ ಸಮೇದಾನಿನ ನ್ಯಾಯವಾದಿ 1560ರಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ಈ ಆಡುನುಡಿಗೆ ತಂದು ಅಚ್ಚು ಹಾಕಿಸಿದ. ಕಣಿವೆಯ ಮಾತು ಬರಹದ ಭಾಷೆಯಾಗಿ ಗಟ್ಟಿಗೊಂಡದ್ದು ಹೀಗೆ. ಊರೊಳಗಿನ ‘ಚೆಸಾ ಪ್ಲಾಂಟಾ’ ಎಂಬ ಹಳೆಯ ದೊಡ್ಡಮನೆಯಲ್ಲಿ ಇಂದು ರೋಮಾಂಶ್ ಗ್ರಂಥಭಂಡಾರವಿದೆ. ಚೆಸಾ ಎಂದರೆ ಮನೆ. ಇಲ್ಲಿನ ಮನೆಗಳ ಗೋಡೆಗಳೂ ನೋಡತಕ್ಕವು: ಬೂದುಬಣ್ಣದ ಗಾರೆಯ ಮೇಲೆ ಸುಣ್ಣ ಬಳಿದು, ಹಸಿ ಆರುವ ಮುನ್ನ ಗೀರಿ ಒಳಬಣ್ಣ ಕಾಣುವಂತೆ ಹೂಬಳ್ಳಿ ಬಿಡಿಸುತ್ತಾರೆ. ನಮ್ಮ ರಂಗೋಲಿಯನ್ನು ಗೋಡೆಗೆ ಏರಿಸಿದಂತೆ ತೋರಿತು.

1903ರಲ್ಲಿ ರೈಲು ಬಂತು. ಅದರೊಡನೆ ಪ್ರವಾಸಿಗರೂ ವಸತಿಗೃಹಗಳೂ ಜರ್ಮನ್ ಭಾಷೆಯೂ ಹೆಚ್ಚಿದುವು. ಇತ್ತ ಇಟಲಿಯಲ್ಲಿ ಕೆಲವರು ರೋಮಾಂಶ್ ಬೇರೆ ಭಾಷೆಯೇ ಅಲ್ಲ, ಇಟಾಲಿಯನ್ನಿನದೇ ಒಂದು ಉಪಭಾಷೆ ಎಂದು ವಾದಿಸತೊಡಗಿದರು. ಆ ವಾದದ ಹಿಂದೆ ನೆಲದ ಮೇಲಣ ಕಣ್ಣೂ ಇತ್ತು. ಸ್ವಿಸ್ ಜನತೆ 1938ರ ಫೆಬ್ರವರಿ 20ರಂದು ನಡೆದ ಮತದಾನದಲ್ಲಿ ಶೇಕಡಾ 90ಕ್ಕೂ ಮಿಕ್ಕಿದ ಬಹುಮತದಿಂದ ರೋಮಾಂಶನ್ನು ನಾಲ್ಕನೆಯ ರಾಷ್ಟ್ರಭಾಷೆಯೆಂದು ಅಂಗೀಕರಿಸಿತು. ವಿಮಾನ ನಿಲ್ದಾಣ ಆರಂಭವಾದದ್ದೂ ಅದೇ ವರ್ಷ. ಐದು ವರ್ಷಗಳ ತರುವಾಯ, 1943ರಲ್ಲಿ, ಅಲ್ಲಿಯವರೆಗೆ ದಾಖಲೆಗಳಲ್ಲಿದ್ದ ಸಮಾಡೆನ್ ಎಂಬ ಜರ್ಮನ್ ರೂಪವನ್ನು ಕೈಬಿಟ್ಟು ರೋಮಾಂಶಿನ ಸಮೇದಾನ್ ಎಂಬುದನ್ನೇ ಅಧಿಕೃತಗೊಳಿಸಲಾಯಿತು. ಊರಿನ ಫಲಕದ ಮೇಲೆ ಯಾವ ಹೆಸರಿರಬೇಕೆಂಬುದರ ಮಹತ್ವವನ್ನು ಕಾಸರಗೋಡಿನವರಿಗೆ ನಾನು ವಿವರಿಸಬೇಕಾಗಿಲ್ಲ.

ಆದರೆ ಮಾನ್ಯತೆ ದೊರೆತ ಮಾತ್ರಕ್ಕೆ ಮಾತನಾಡುವವರು ಹೆಚ್ಚಲಿಲ್ಲ. ದೇಶದಲ್ಲಿ ರೋಮಾಂಶನ್ನು ಮುಖ್ಯಭಾಷೆಯಾಗಿ ಉಳ್ಳವರು ಸುಮಾರು 40,000 ಮಂದಿ. ಅವರಲ್ಲಿಯೇ ಐದು ಬಗೆಯ ಲಿಖಿತ ರೂಪಗಳು. ಮೇಲಣ ಎಂಗಡೀನಿನದು ಪುತೇರ್. ಎಲ್ಲರಿಗೂ ಸಲ್ಲುವ ಸಾಮಾನ್ಯ ರೂಪವೊಂದನ್ನು 1982ರಲ್ಲಿ ರಚಿಸಲಾಯಿತಾದರೂ ಮಕ್ಕಳಿಗೆ ಯಾವುದನ್ನು ಕಲಿಸಬೇಕೆಂಬ ಜಗಳ ಬಹುಕಾಲ ನಡೆಯಿತು. ಸಮೇದಾನಿನಲ್ಲಿ ಈಗ ಬಹುಸಂಖ್ಯಾತರ ಭಾಷೆ ಜರ್ಮನ್. ಊರಿನ ಶಾಲೆಯು ರೋಮಾಂಶ್ ಮತ್ತು ಜರ್ಮನ್ ಎರಡನ್ನೂ ಬೋಧನ ಮಾಧ್ಯಮವಾಗಿ ಉಳಿಸಿಕೊಂಡಿದೆ. ಮನೆಯಲ್ಲಿ ಜರ್ಮನ್, ಇಟಾಲಿಯನ್ ಅಥವಾ ಪೋರ್ಚುಗೀಸ್ ಆಡುವ ಮಕ್ಕಳೂ ಅಲ್ಲಿ ಬಿಫ್ರುನನ ಭಾಷೆಯಲ್ಲಿ ಪಾಠ ಕೇಳುತ್ತಾರೆ.