ಚೆಂಡೆ-ಮದ್ದಳೆಯಲ್ಲಿ ಸ್ಪೀಕರಿನ ಪರೀಕ್ಷೆ

ಸ್ಪೀಕರ್ ಕೊಳ್ಳಲು ಹೋದರೆ ಅಂಗಡಿಯವರು ಸಾಮಾನ್ಯವಾಗಿ ಸಿನಿಮಾ ಹಾಡು ಹಾಕಿ ತೋರಿಸುತ್ತಾರೆ. ಸ್ಟುಡಿಯೋದಲ್ಲೇ ಕಟ್ಟಿದ ಆ ಹಾಡಿನ ಅಸಲು ನಾದ ಯಾವುದೆಂದು ಯಾರಿಗೂ ಗೊತ್ತಿಲ್ಲ. ಕುಂಬಳೆ ಸೀಮೆಯವರಿಗೆ ಅದಕ್ಕಿಂತ ನಂಬಬಹುದಾದ ಅಳತೆಗೋಲು ಊರಲ್ಲೇ ಇದೆ: ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳ.

ಅದನ್ನು ಮೈಕಿಲ್ಲದೆ ಕೇಳಬೇಕು. ರಂಗಸ್ಥಳದೆದುರು ಕೂತವರಿಗೆ ಮುಟ್ಟುವುದು ಧ್ವನಿವರ್ಧಕದ ಶಬ್ದ. ಬಣ್ಣದ ಕೋಣೆಯ ಚೌಕಿಪೂಜೆಯ ಹೊತ್ತಿಗೆ ಹೋಗಿ ನಿಲ್ಲಿ; ಮನೆಯ ಚಾವಡಿಯ ತಾಳಮದ್ದಳೆ, ಹಿಮ್ಮೇಳ ತರಗತಿಯೂ ಆದೀತು.

ಮೊದಲು ಮದ್ದಳೆ. ಅದರ ಬಲ ಮುಚ್ಚಿಗೆಯಲ್ಲಿ ಕರಣೆ, ಅಂದರೆ ನಡುವಿನ ಕಪ್ಪು ಲೇಪ, ಇರುವುದರಿಂದ ಪೆಟ್ಟಿಗೆ ಖಚಿತ ಶ್ರುತಿ ಬರುತ್ತದೆ. ಇಂಥ ಕರಣೆಯಿಂದ ವಾದ್ಯದ ಉಪನಾದಗಳು ಮೂಲನಾದದ ಪೂರ್ಣ ಗುಣಕಗಳಾಗಿ ಹೊಂದಿಕೊಳ್ಳುವುದನ್ನು ಸಿ.ವಿ. ರಾಮನ್ 1920ರಲ್ಲೇ ವಿವರಿಸಿದ್ದರು. ಒಳ್ಳೆಯ ಸ್ಪೀಕರಿನಲ್ಲಿ ಆ ನಾದ ಹಾಡುವ ಭಾಗವತರ ಶ್ರುತಿಗೆ ಸೇರಿ ನಿಲ್ಲುತ್ತದೆ, ಕೆಟ್ಟದ್ದರಲ್ಲಿ ಬರೀ ‘ಟಕ್’ ಎನ್ನುತ್ತದೆ. ಎಡ ಮುಚ್ಚಿಗೆಯ ತಗ್ಗು ನಾದವನ್ನು ಮೊಬೈಲಿನ ಪುಟ್ಟ ಸ್ಪೀಕರು ಹೊರಡಿಸಲಾರದು. ಮೇಲಿನ ಉಪನಾದ ಹಿಡಿದು ಮಿದುಳೇ ಅದನ್ನು ಅಷ್ಟಿಷ್ಟು ತುಂಬಿಕೊಳ್ಳುತ್ತದೆ.

ಚೆಂಡೆ ಇನ್ನೂ ನಿಷ್ಠುರ ಪರೀಕ್ಷಕ. ಕೋಲು ಚರ್ಮಕ್ಕೆ ತಾಗಿದ ಕೆಲವೇ ಮಿಲಿಸೆಕೆಂಡುಗಳಲ್ಲಿ ಶಬ್ದ ತುತ್ತತುದಿಗೇರುತ್ತದೆ. ಅಷ್ಟು ವೇಗಕ್ಕೆ ಆಂಪ್ಲಿಫೈಯರ್ ಸೋತರೆ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಹೆಚ್ಚು ಕುಗ್ಗಿಸಿದ ಎಂಪಿ3 ಕಡತದಲ್ಲಿ ಪೆಟ್ಟಿಗೂ ಮುಂಚೆ ಸಣ್ಣ ‘ಸ್ಸ್’ ಕೇಳಿಸಬಹುದು: ಧ್ವನಿಯನ್ನು ತುಣುಕು ಮಾಡಿ ಕುಗ್ಗಿಸುವಾಗ ಉಂಟಾದ ದೋಷ ಇಡೀ ತುಣುಕಿಗೆ ಹರಡಿ, ಪೆಟ್ಟಿನ ಹಿಂದಿನ ಮೌನಕ್ಕೂ ಅಂಟಿಕೊಳ್ಳುತ್ತದೆ. ಇದು ಸ್ಪೀಕರಿನ ತಪ್ಪಲ್ಲ.

ಇನ್ನು ಕಂಠ. ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರ (1938–2023) ಏರುಶ್ರುತಿಯ ಪದಗಳನ್ನು ಹಾಕಿ ನೋಡಿ. ಎರಡರಿಂದ ನಾಲ್ಕು ಕಿಲೋಹರ್ಟ್ಸ್ ಸುತ್ತ ನಮ್ಮ ಕಿವಿ ಬಲು ಸೂಕ್ಷ್ಮ. ಅಲ್ಲಿ ಯಂತ್ರ ಸ್ವಲ್ಪ ಉಬ್ಬಿಸಿದರೂ ಅಷ್ಟು ತುಂಬಿದ ಕಂಠ ಕಿರುಚಿದಂತಾಗುತ್ತದೆ.

ಹೋಲಿಕೆಯಲ್ಲಿ ಮೋಸ ಹೋಗುವುದು ಸುಲಭ. 1915ರಿಂದ ಎಡಿಸನ್ ಕಂಪೆನಿ ಗಾಯಕರನ್ನು ತನ್ನ ಫೋನೋಗ್ರಾಫಿನ ಪಕ್ಕ ನಿಲ್ಲಿಸಿ, ದೀಪ ಆರಿಸಿ, ಹಾಡುತ್ತಿರುವುದು ಯಾರೆಂದು ಸಭಿಕರಿಗೆ ಸವಾಲು ಹಾಕುತ್ತಿತ್ತು. ಕಂಠವನ್ನು ಯಂತ್ರಕ್ಕೆ ಹೊಂದುವಂತೆ ಮಾಡಿಕೊಳ್ಳುತ್ತಿದ್ದೆವೆಂದು ಆ ಸಭೆಗಳಲ್ಲಿ ಹಾಡಿದ್ದ ಗಾಯಕಿ ಆನಾ ಕೇಸ್ ಎಷ್ಟೋ ವರ್ಷಗಳ ಮೇಲೆ ಹೇಳಿದರು. ಚೆಂಡೆಗೆ ಆ ದಾಕ್ಷಿಣ್ಯವಿಲ್ಲ.

ಆದ್ದರಿಂದ ಧ್ವನಿಮುದ್ರಣ ನೀವೇ ಮಾಡುವುದು ಮೇಲು. ಅನುಮತಿ ಕೇಳಿ, ಹಿಮ್ಮೇಳಕ್ಕೆ ಮೂರು ಮೀಟರ್ ದೂರದಲ್ಲಿ ಫೋನಿಡಿ. ಶಬ್ದಮಟ್ಟವನ್ನು ತಾನಾಗಿ ಏರಿಳಿಸುವ ಸೌಲಭ್ಯ ಆರಿಸಿ. ಅದು ಉಳಿದರೆ ಚೆಂಡೆಯ ಅಬ್ಬರವೂ ಜಾಗಟೆಯ ಕೊನೆಯ ಗುಂಯ್‌ಕಾರವೂ ಒಂದೇ ಎತ್ತರಕ್ಕೆ ಬರುತ್ತವೆ. ಕಡತ ವೇವ್ ರೂಪದಲ್ಲಿರಲಿ. ಫೋನಿನ ಮೈಕಿಗೂ ಮಿತಿಯಿದೆ, ಆದರೆ ಒಂದೇ ಕಡತವನ್ನು ಎಲ್ಲ ಸ್ಪೀಕರುಗಳಲ್ಲೂ ಕೇಳಿದಾಗ ಆ ಕೊರತೆ ಎಲ್ಲಕ್ಕೂ ಸಮ. ಅಂಗಡಿಯಲ್ಲಿ ಎರಡನ್ನು ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಸಿ: ತುಸು ಜೋರಾಗಿರುವುದೇ ಕಿವಿಗೆ ಚೆಂದವೆನಿಸುತ್ತದೆ, ಒಂದು ಡೆಸಿಬೆಲ್ ವ್ಯತ್ಯಾಸ ಸಾಕು ತೀರ್ಪು ತಿರುಗಲು. ಮುದ್ರಿಸಿದ ವಾರದೊಳಗೇ ಹೋಗಿ, ಕಿವಿಯ ನೆನಪು ಬೇಗ ಮಾಸುತ್ತದೆ.