ದೇಹದೊಳಗಿನ ಇನ್ಸುಲಿನ್ ಪಂಪು: ಪೂರೈಕೆಯ ಪಾಠ

ಮಧುಮೇಹಿಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಇನ್ಸುಲಿನ್ ಪಂಪು ವರ್ತಕರಿಗೆ ಪರಿಚಿತವಾದ ಸರಕು. ಹೊಟ್ಟೆಯ ಚರ್ಮದಡಿ ಶಸ್ತ್ರಚಿಕಿತ್ಸೆಯಿಂದ ಅಳವಡಿಸುವ ಪಂಪಿನ ವಿಚಾರ ತಿಳಿದವರು ಕಡಿಮೆ.

ಅಮೆರಿಕದ ಮಿನಿಮೆಡ್ ಸಂಸ್ಥೆ ರೂಪಿಸಿದ ಈ ಸಾಧನವನ್ನು, 2001ರಲ್ಲಿ ಆ ಸಂಸ್ಥೆಯನ್ನು ಕೊಂಡ ಮೆಡ್‌ಟ್ರಾನಿಕ್ ಮುಂದುವರಿಸಿತು. ಸುಮಾರು 8 ಸೆಂ.ಮೀ. ಅಗಲದ ಈ ಟೈಟಾನಿಯಂ ಬಿಲ್ಲೆಯಿಂದ ಸಣ್ಣ ಕೊಳವೆಯೊಂದು ಉದರಕುಹರದೊಳಗೆ ತೆರೆದುಕೊಳ್ಳುತ್ತದೆ. ಅಲ್ಲಿ ಸೇರಿದ ಇನ್ಸುಲಿನ್, ಮೇದೋಜೀರಕ ಗ್ರಂಥಿ ಸ್ರವಿಸಿದಂತೆಯೇ, ಬಹುಪಾಲು ಮೊದಲು ಯಕೃತ್ತನ್ನು ತಲಪುತ್ತದೆ. ಚರ್ಮದಡಿಯ ಚುಚ್ಚುಮದ್ದಿಗೆ ಈ ಅನುಕೂಲವಿಲ್ಲ.

ತೊಡಕಿರುವುದು ಔಷಧದಲ್ಲಿ. ದೇಹದ ಶಾಖದಲ್ಲಿ ವಾರಗಟ್ಟಲೆ ನಿಂತ ಸಾಮಾನ್ಯ ಇನ್ಸುಲಿನ್ ಗರಣೆಗಟ್ಟಿ ಕೊಳವೆಯನ್ನು ಮುಚ್ಚಬಲ್ಲದು. ಆದುದರಿಂದ ಮಿ.ಲೀ.ಗೆ 400 ಯೂನಿಟ್ ಸಾಂದ್ರತೆಯ ವಿಶೇಷ ಇನ್ಸುಲಿನ್ ಸಿದ್ಧಪಡಿಸಬೇಕಾಯಿತು. ಭಾರತದ ಔಷಧದಂಗಡಿಗಳ ಸಾಮಾನ್ಯ ಸೀಸೆಯಲ್ಲಿರುವುದು 40 ಯೂನಿಟ್. ಅದನ್ನು ಕೆಲವು ವಾರಗಳಿಗೊಮ್ಮೆ ಆಸ್ಪತ್ರೆಯಲ್ಲಿ ಸೂಜಿಯ ಮೂಲಕ ತುಂಬಿಸಬೇಕು. ಬ್ಯಾಟರಿ ಮುಗಿದರೆ ಮತ್ತೆ ಶಸ್ತ್ರಚಿಕಿತ್ಸೆ.

ಫ್ರಾನ್ಸ್ ಮೊದಲಾದ ಯೂರೋಪಿನ ಕೆಲವು ದೇಶಗಳಲ್ಲಿ ಪಂಪು ಬಳಕೆಗೆ ಬಂದಿತು. ಅಮೆರಿಕದಲ್ಲಿ ಮಾರಾಟದ ಅನುಮತಿ ದೊರೆಯಲಿಲ್ಲ. ಬೇಡಿಕೆ ಸೀಮಿತವಾಗಿಯೇ ಉಳಿದು, 2010ರ ದಶಕದ ಕೊನೆಯಲ್ಲಿ ಕಂಪನಿ ತಯಾರಿಕೆಯನ್ನು ನಿಲ್ಲಿಸಲು ತೀರ್ಮಾನಿಸಿತು. ಚುಚ್ಚುಮದ್ದಿನಿಂದ ಸಕ್ಕರೆ ಹತೋಟಿಗೆ ಬಾರದೆ ಪಂಪನ್ನು ಆಶ್ರಯಿಸಿದ್ದವರು ಇಕ್ಕಟ್ಟಿಗೆ ಸಿಲುಕಿದರು.

ಒಬ್ಬನೇ ತಯಾರಕ, ಒಂದೇ ಬಗೆಯ ಔಷಧ, ಕಿರಿದಾದ ಮಾರುಕಟ್ಟೆ: ಉತ್ತಮ ಸಾಧನವೂ ಈ ಮೂರರ ನಡುವೆ ನಿಲ್ಲಲಾರದೆ ಹೋಯಿತು. ವೈದ್ಯಕೀಯ ಉಪಕರಣಗಳ ತಯಾರಿಕೆಗೆ ಇಳಿಯುವ ಸಣ್ಣ ಉದ್ಯಮಿಗಳು ಬಂಡವಾಳ ಹೂಡುವ ಮೊದಲೇ ಬಿಡಿಭಾಗ, ಔಷಧ ಹಾಗೂ ಬದಲಿ ಪೂರೈಕೆದಾರರ ಲೆಕ್ಕ ಹಾಕುವುದು ಲೇಸು. ದೇಹದೊಳಗೆ ಸೇರುವ ಸರಕಿನ ವ್ಯವಹಾರ ಮಾರಾಟದ ದಿನ ಮುಗಿಯುವುದಿಲ್ಲ. ಅದರ ಹೊಣೆ ಬಳಸುವವನ ಆಯುಷ್ಯದಷ್ಟು ದೀರ್ಘ.